ನೆರೆಯ ಕಾಲದ ನೀರು: ಶ್ರಾವಕಾಚಾರದ ಒಂದು ಪ್ರಶ್ನೆ

ಶ್ರಾವಕರ ಮನೆಗಳಲ್ಲಿ ನೀರು ಸೋಸುವುದು ದಿನದ ಮೊದಲ ಕೆಲಸ. ದಪ್ಪನೆಯ ಹತ್ತಿಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ಕೊಡದ ಬಾಯಿಗೆ ಹಾಸಿ ಸೋಸಿದರೆ ಸಾಲದು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಬಿಟ್ಟ ಮೇಲಷ್ಟೇ ಆ ಕ್ರಿಯೆ ಪೂರ್ಣವಾಗುತ್ತದೆ. ಹೀಗೆ ಸೋಸಿದ ನೀರಿಗೆ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಮರ್ಯಾದೆ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರಗಳ ಮರ್ಯಾದೆ. ಆದರೆ ನೆರೆ ಬಂದು ಬಾವಿಯೇ ಮುಳುಗಿ ಎದ್ದಾಗ, ಆರೋಗ್ಯ ಇಲಾಖೆಯವರು ಬ್ಲೀಚಿಂಗ್ ಪುಡಿ ಹಿಡಿದು ಅಂಗಳಕ್ಕೆ ಬಂದಾಗ, ಸೋಸುಬಟ್ಟೆಯ ಧರ್ಮವೇನು? ಒಂದು ಹುಳುವನ್ನೂ ನೋಯಿಸದಿರಲೆಂದು ಬಟ್ಟೆ ಹಿಡಿದ ಕೈಯೇ ಬಾವಿಗೆ ಪುಡಿ ಸುರಿದು ಅಸಂಖ್ಯಾತ ಜೀವಗಳ ಅಂತ್ಯಕ್ಕೆ ಕಾರಣವಾಗಬಹುದೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳವರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಗಂಗಾಮೂಲದಲ್ಲಿ ಹುಟ್ಟುವ ನದಿಗಳಲ್ಲಿ ತುಂಗೆ ಶೃಂಗೇರಿಯನ್ನು ತೊಳೆದು ಹರಿಹರಪುರದ ಕಡೆಗೆ ಸಾಗುತ್ತಾಳೆ. ಭದ್ರೆ ಬಾಳೆಹೊನ್ನೂರನ್ನು ದಾಟಿ, ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಾಗಿ ನರಸಿಂಹರಾಜಪುರದ ಬಳಿ ಹರಡಿಕೊಳ್ಳುತ್ತಾಳೆ. 2019ರ ಆಗಸ್ಟ್ ತಿಂಗಳಿನ ಮಳೆಗೆ ತುಂಗೆ ಉಕ್ಕಿ ಶೃಂಗೇರಿಯ ತಗ್ಗು ಪ್ರದೇಶಗಳಿಗೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಲೆನಾಡಿನ ಮನೆಗಳು ಗುಡ್ಡದ ಇಳಿಜಾರಿನಲ್ಲಿವೆ. ಒಂದು ಮನೆಯ ಶೌಚದ ಗುಂಡಿಗಿಂತ ಕೆಳಗೆ ಇನ್ನೊಂದು ಮನೆಯ ಬಾವಿ ಇರುತ್ತದೆ. ನೆಲ ನೀರು ಕುಡಿದು ತುಂಬಿದಾಗ ಮೇಲಿನದು ಕೆಳಗಿನದನ್ನು ಸೇರಲು ನದಿಯ ನೆರೆಯೇ ಬೇಕೆಂದಿಲ್ಲ. ಕೊಟ್ಟಿಗೆಯ ಗಂಜಲ, ಗುಂಡಿಯ ಮಲ, ಸತ್ತ ಪ್ರಾಣಿಯ ರಸ ಎಲ್ಲವೂ ಒಂದೇ ಕೆಸರಾಗಿ ಹರಿಯುತ್ತವೆ.

ಇದರಿಂದ ಬರುವ ರೋಗಗಳು ಎರಡು ದಾರಿ ಹಿಡಿಯುತ್ತವೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಇವು ಬಾಯಿಯ ಮೂಲಕ ಬರುವಂಥವು. ಸೋಂಕಿನ ಕಾಮಾಲೆ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರಗಳೇ ಬೇಕಾಗುವುದರಿಂದ, ಮಗುವಿನ ಕಣ್ಣು ಹಳದಿಯಾಗುವ ಹೊತ್ತಿಗೆ ಮನೆಯವರು ನೆರೆಯನ್ನು ಮರೆತಿರುತ್ತಾರೆ. ಇಲಿಜ್ವರದ ದಾರಿ ಬೇರೆ. ಇಲಿಗಳ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಿಂತವನ ಗಾಯದಿಂದ, ಒಡೆದ ಹಿಮ್ಮಡಿಯಿಂದ ಅದು ಒಳಸೇರುತ್ತದೆ. 2018ರ ಮಹಾಪ್ರವಾಹದ ನಂತರ ಕೇರಳದಲ್ಲಿ ಅದು ವ್ಯಾಪಕವಾಗಿ ಹಬ್ಬಿತ್ತು. ಯಜಮಾನನು ಕುದಿಸಿದ ನೀರನ್ನೇ ಕುಡಿದರೂ, ಅವನ ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಅದರಿಂದ ರಕ್ಷಣೆಯಿಲ್ಲ. (ಈ ಸೀಮೆಯವರು ಹೆದರುವ ಮಂಗನ ಕಾಯಿಲೆಗೂ ನೀರಿಗೂ ಸಂಬಂಧವಿಲ್ಲ, ಅದು ಉಣುಗಿನಿಂದ ಬರುವುದು.)

ಸೋಸುಬಟ್ಟೆಯನ್ನು ಹಳೆಯ ಕಾಲದ ಆಚಾರವೆಂದು ನಗುವವರಿಗೆ ಒಂದು ಉತ್ತರವಿದೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ರೀಟಾ ಕೋಲ್ವೆಲ್, ಅನ್ವರ್ ಹಕ್ ಮೊದಲಾದ ವಿಜ್ಞಾನಿಗಳು ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವುದನ್ನು ಹಳ್ಳಿಯವರಿಗೆ ಕಲಿಸಿದರು. ಕಾಲರಾ ಪ್ರಕರಣಗಳು ಶೇಕಡ 48ರಷ್ಟು ಕಡಿಮೆಯಾದವೆಂದು 2003ರಲ್ಲಿ ವರದಿಯಾಯಿತು. ಕಾಲರಾದ ಅಣುಜೀವಿ ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ; ಬಟ್ಟೆ ಹುಳುವನ್ನು ತಡೆಯುತ್ತದೆ. ಆದರೆ ಇದನ್ನೇ ಹಿಡಿದು ಬೀಗುವುದೂ ತಪ್ಪು. ಕಾಮಾಲೆಯ ವಿಷಾಣುವಿಗೆ ಯಾವ ಬಟ್ಟೆಯೂ ಅಡ್ಡಿಯಲ್ಲ. ನೆರೆಯ ನೀರನ್ನು ಸೋಸಿ ಕುಡಿದು, ನಿಯಮ ಪಾಲಿಸಿದೆವೆಂದು ನಿಶ್ಚಿಂತರಾಗುವವರು ನಿಯಮದ ಅಕ್ಷರವನ್ನು ಮಾತ್ರ ಉಳಿಸಿಕೊಂಡಿರುತ್ತಾರೆ.

ಹಿಂಸೆ ಎಂದರೇನೆಂಬುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಪ್ರಮಾದದೊಡನೆ ಜೋಡಿಸಿ ಹೇಳಿದೆ. ಪ್ರಾಣಹರಣ ಎಷ್ಟಾಯಿತೆಂಬುದಷ್ಟೇ ಅಲ್ಲ, ಎಚ್ಚರಗೇಡಿತನದಿಂದ ಆಯಿತೇ ಎಂಬುದೂ ಅಲ್ಲಿ ಮುಖ್ಯ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಅಡುಗೆ, ಶುಚಿ ಮೊದಲಾದವುಗಳಿಂದಾಗುವ ಆರಂಭೀ ಹಿಂಸೆಯನ್ನು ಪೂರ್ತಿ ಬಿಡಲಾರ, ಕಡಿಮೆ ಮಾಡಬಲ್ಲ. ಒಲೆಯ ಮೇಲೆ ನೀರು ಕುದಿಸುವಾಗಲೂ ಅಪ್ಕಾಯಿಕ, ಅಗ್ನಿಕಾಯಿಕ ಜೀವಗಳು ನಾಶವಾಗುತ್ತವೆ. ಸೌದೆಯ ಮಾತು ಬೇರೆ. ಕುದಿಸುವುದನ್ನು ಒಪ್ಪಿದವರು ಬಾವಿಯ ಔಷಧಿಯನ್ನು ಜಾತಿಯಲ್ಲೇ ಬೇರೆಯಾದ ಪಾಪವೆನ್ನುವುದು ಕಷ್ಟ. ಆದರೂ ಪ್ರಮಾಣದ ಅಂತರವಿದೆ, ಅದು ಸಣ್ಣದಲ್ಲ. ಕುದಿಸುವಾಗ ಕುಡಿಯುವಷ್ಟು ನೀರಿಗೆ ಮಾತ್ರ ಹಿಂಸೆ. ಔಷಧಿ ಹಾಕಿದಾಗ ಇಡೀ ಬಾವಿಗೆ.

ಈ ಅಂತರದಿಂದಲೇ ದಾರಿಯೂ ಕಾಣುತ್ತದೆ. ಬಾವಿಗೆ ನೆರೆ ನುಗ್ಗದ ಮನೆಯವರು ಮಳೆಗಾಲವಿಡೀ ಕುಡಿಯುವ, ಪಾತ್ರೆ ತೊಳೆಯುವ ನೀರನ್ನು ತಪ್ಪದೆ ಕುದಿಸಬಲ್ಲರಾದರೆ ಪುಡಿಯ ಅಗತ್ಯವಿಲ್ಲ. ಆದರೆ ಬಸದಿಯ ಬಾವಿ, ಯಾತ್ರಿಕರ ಛತ್ರದ ತೊಟ್ಟಿ, ಕೂಲಿಯವರ ಮನೆಗಳ ಸಾಲಿಗೆ ಹೋಗುವ ಕೊಳವೆ ಇವುಗಳ ನೀರನ್ನು ಯಾರು ಕುದಿಸಿ ಕುಡಿಯುವರು, ಯಾರು ಹಾಗೇ ಕುಡಿಯುವರೆಂದು ಯಾವ ಟ್ರಸ್ಟೂ ಹೇಳಲಾರದು. ಸಿಂಹನಗದ್ದೆಯ ಜ್ವಾಲಾಮಾಲಿನೀ ಅಮ್ಮನವರ ಸನ್ನಿಧಿಯಂತಹ ಕ್ಷೇತ್ರಗಳಿಗೆ ದೂರದ ಊರುಗಳಿಂದ ಮಕ್ಕಳೂ ವೃದ್ಧರೂ ಬರುತ್ತಾರೆ. ಇಂತಹ ಕಡೆ ನೆರೆ ನುಗ್ಗಿದ ಬಾವಿಗೆ ಔಷಧಿ ಹಾಕದಿರುವುದೇ ಪ್ರಮಾದ. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ ಎರಡೂವರೆ ಗ್ರಾಂ ಉತ್ತಮ ಪುಡಿ ಹಾಕಿ ಒಂದು ಗಂಟೆ ಬಿಟ್ಟರೆ ಸಾಕಾಗುತ್ತದೆ. ಕೆಸರು ಕ್ಲೋರಿನ್ನನ್ನು ನುಂಗಿಬಿಡುವುದರಿಂದ ನೆರೆಯ ನಂತರ ಅಷ್ಟು ಸಾಲದು. ಮೊದಲು ಬಾವಿಯನ್ನು ಬರಿದುಮಾಡಿ ಹೂಳೆತ್ತಬೇಕು, ಆಮೇಲೆ ಆರೋಗ್ಯ ಇಲಾಖೆಯವರು ಹೇಳಿದ ಪ್ರಮಾಣದಲ್ಲಿ ಹಾಕಬೇಕು.

ಔಷಧಿ ಹಾಕಿದ ದಿನ ಸೋಸುಬಟ್ಟೆಯ ಜೀವಗಳನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ಬಾವಿಗೆ ಬಿಟ್ಟರೆ ಸಾವು. ಬೇರೆ ನೀರಿಗೆ ಬಿಡುವುದು ನಿಯಮಕ್ಕೆ ವಿರುದ್ಧ. ಇದಕ್ಕೆ ಸಮಾಧಾನಕರ ಉತ್ತರವಿಲ್ಲ. ಆ ಸಂಕಟವೇ ಬಾರದಂತೆ ಮಾಡುವುದೊಂದೇ ಶ್ರಾವಕನ ಕೈಯಲ್ಲಿರುವುದು: ನೆರೆಯ ಮಟ್ಟಕ್ಕಿಂತ ಎತ್ತರವಾದ ಬಾವಿಕಟ್ಟೆ, ಸುತ್ತ ಗಾರೆಯ ನೆಲ, ಮೇಲೊಂದು ಮುಚ್ಚಳ, ಶೌಚದ ಗುಂಡಿ ಬಾವಿಯಿಂದ ಕೆಳಕ್ಕೂ ದೂರಕ್ಕೂ. ಇಲಿಪಾಷಾಣ ಇಡುವ ಪ್ರಮೇಯ ಬಾರದಂತೆ ಭತ್ತದ ಕಣಜ ಭದ್ರವಾಗಿರಬೇಕು; ನಾಟಿಗೆ ಬರುವವರಿಗೆ ಗಂಬೂಟು ಕೊಡುವ ವೆಚ್ಚ ಜಮೀನಿನ ಒಡೆಯನದೇ ಆಗಬೇಕು. ಆಷಾಢದಲ್ಲಿ ಚಾತುರ್ಮಾಸದ ಸಿದ್ಧತೆಗೆ ಕೂಡುವ ಸಮಿತಿಗಳು ಆ ಹೊತ್ತಿಗೆ ಇದನ್ನು ಯೋಚಿಸಿದರೆ ತಡವಾಯಿತು. ಕಟ್ಟೆ ಎತ್ತರಿಸಲು ಫಾಲ್ಗುಣ, ಚೈತ್ರಗಳೇ ಸಕಾಲ. ಆಗ ನೀರು ತಳ ಸೇರಿರುತ್ತದೆ, ನಾಟಿಯ ಗಡಿಬಿಡಿಯೂ ಇರುವುದಿಲ್ಲ.