ನೋಡುವವರ ಪಾಲು

ಅಮೆರಿಕದ ಲೇಖಕಿ ಸುಝೇನ್ ಕಾಲಿನ್ಸ್ ಅವರು 2008ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಎಂಬ ಕಾದಂಬರಿಯು ಎಳೆಯರಿಗಾಗಿ ಬರೆದುದೆಂದು ಪ್ರಸಿದ್ಧವಾಗಿದೆ. ಆದರೆ ಅದನ್ನು ಓದಿ ಮುಗಿಸಿದ ವಾಚಕನು, ಹಿರಿಯನಾದರೂ, ತನ್ನ ಮನಸ್ಸನ್ನು ತಾನೇ ಶಂಕಿಸುವಂತಾಗುತ್ತದೆ.

ಕಥೆಯ ಕಟ್ಟು ಸರಳವಾದುದು. ಪನೆಮ್ ಎಂಬ ಭಾವೀ ರಾಜ್ಯದಲ್ಲಿ 12 ಪ್ರಾಂತಗಳು ಕ್ಯಾಪಿಟಲ್ ಎಂಬ ರಾಜಧಾನಿಗೆ ಅಧೀನವಾಗಿವೆ. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗಾಗಿ ಪ್ರತಿಯೊಂದು ಪ್ರಾಂತವೂ ವರ್ಷಂಪ್ರತಿ 12ರಿಂದ 18 ವಯಸ್ಸಿನೊಳಗಿನ ಒಬ್ಬ ಬಾಲಕನನ್ನೂ ಒಬ್ಬ ಬಾಲಕಿಯನ್ನೂ ಕಪ್ಪವಾಗಿ ಒಪ್ಪಿಸಬೇಕು. ಆ 24 ಮಂದಿ ಒಬ್ಬರನ್ನೊಬ್ಬರು ಕೊಂದು, ಕಡೆಗೆ ಉಳಿದವರೊಬ್ಬರೇ ಮನೆಗೆ ಮರಳತಕ್ಕದ್ದು. ಇದನ್ನು ಓದುವಾಗ ಏಕಚಕ್ರಪುರದ ನೆನಪಾಗದಿರದು. ಅಲ್ಲಿಯೂ ಮನೆಗೊಂದಾಳಿನ ಸರದಿಯಿತ್ತು. (ತಮಗೆ ಸ್ಫೂರ್ತಿಯಿತ್ತ ಕಥೆಗಳಲ್ಲಿ ಗ್ರೀಕರ ಥೀಸಿಯಸನದೂ ಒಂದೆಂದು ಲೇಖಕಿಯವರೇ ಹೇಳಿರುವರು.) ಆದರೆ ಬಕನು ಹಸಿವಿಗಾಗಿ ತಿನ್ನುತ್ತಿದ್ದನು, ಭೀಮನು ಅವನನ್ನು ಮುರಿದೊಡನೆ ಊರು ನೆಮ್ಮದಿಗೊಂಡಿತು. ಕ್ಯಾಪಿಟಲಿನವರು ರಾಕ್ಷಸರಲ್ಲ, ಉಡುಗೆತೊಡುಗೆಗಳಲ್ಲಿ ರಸಿಕರು, ಔತಣಪ್ರಿಯರು. ಟೆಲಿವಿಷನ್ನಿನ ಮುಂದೆ ಕುಳಿತು ಪಂತ ಕಟ್ಟುತ್ತ, ತಮ್ಮ ಮೆಚ್ಚಿನ ಮಗುವಿಗಾಗಿ ಕಣ್ಣೀರನ್ನೂ ಸುರಿಸುವರು. ಇವರನ್ನು ಯಾವ ಭೀಮನು ಮುರಿಯಬೇಕು?

ವಾಚಕನು ಇವರನ್ನು ಹಳಿಯುತ್ತಲೇ ಪುಟ ತಿರುವುತ್ತಾನೆ. ನಾಯಿಕೆಯಾದ ಕ್ಯಾಟ್ನಿಸಳು 16 ವರ್ಷದವಳು. ತಂಗಿಯ ಹೆಸರು ಬಂದಾಗ ಅವಳಿಗೆ ಬದಲಾಗಿ ತಾನೇ ಹೊರಟವಳು. ಅವಳಿಗೆ ಜೊತೆಯಾದ ರೂ ಎಂಬ 12 ವರ್ಷದ ಬಾಲೆಯನ್ನು ಮೊದಲನೆಯ ಪ್ರಾಂತದ ಹುಡುಗನು ಈಟಿಯಿಂದ ಇರಿಯುವನು. ಕೂಡಲೇ ಕ್ಯಾಟ್ನಿಸಳ ಬಾಣವು ಅವನ ಕೊರಳಿಗೆ ನಾಟುವುದು. ಆಗ ವಾಚಕನ ಎದೆಯಲ್ಲಿ ಏಳುವ ಭಾವ ಯಾವುದು? ಸಂತೋಷವೇ ಸರಿ. ರಾವಣವಧೆಯಲ್ಲಿ ಸಂತೋಷಪಡುವವರು ಇಲ್ಲಿ ಏಕೆ ಪಡಬಾರದೆಂದು ಕೇಳಬಹುದು. ರಾವಣನು ಎಲ್ಲವನ್ನೂ ಬಲ್ಲವನು; ಹಿತವಚನವನ್ನು ಕೇಳಿಯೂ ತಳ್ಳಿದವನು. ಈ ಹುಡುಗನಾದರೋ ಕೊಲೆಯೇ ಕೀರ್ತಿಯೆಂದು ಹಿರಿಯರಿಂದಲೇ ಕಲಿತು ಬಂದವನು. ಅವನಿಗಾಗಿಯೂ ಎಲ್ಲಿಯೋ ಒಂದು ಮನೆಯಲ್ಲಿ ಅಳುವವರುಂಟೆಂದು ಕ್ಯಾಟ್ನಿಸಳೇ ನೆನೆಯುವಳು. ಬಳಿಕ ರೂಳ ಶವವನ್ನು ಸ್ಮರಿಸಿ ಆ ಆಲೋಚನೆಯನ್ನು ದೂಡುವಳು. ಬದುಕಬೇಕಾದವಳಿಗೆ ಹಾಗೆ ದೂಡದೆ ಗತಿಯಿಲ್ಲ. ದೀಪದ ಬಳಿ ಸುಖವಾಗಿ ಕುಳಿತ ವಾಚಕನಿಗೆ ಆ ಒತ್ತಾಯವಿಲ್ಲ. ಆದರೂ ಅವನು ಅವಳಿಗಿಂತ ಮೊದಲೇ ಮರೆತಿರುತ್ತಾನೆ.

ಕರುಣವೂ ಬೀಭತ್ಸವೂ ಕಾವ್ಯದಲ್ಲಿ ಆನಂದವೇ ಆಗುವುವೆಂದು ಆಲಂಕಾರಿಕರು ಸಮಾಧಾನ ಹೇಳಿರುವರು. ರೂಳ ದೇಹವನ್ನು ಹೂಗಳಿಂದ ಸಿಂಗರಿಸುವ ಭಾಗಕ್ಕೆ ಆ ಮಾತು ಸಲ್ಲುವುದು. ಹುಡುಗನ ಸಾವಿಗೆ ಸಲ್ಲದು. ಅಲ್ಲಿ ವಾಚಕನು ಸಹೃದಯನಲ್ಲ, ಪಂತ ಕಟ್ಟಿದವನು.

ಇಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಾರದೆಂಬವರುಂಟು. ಅಮೆರಿಕದ ಗ್ರಂಥಾಲಯ ಸಂಘದ 2010 ಮತ್ತು 2011ರ ಆಕ್ಷೇಪಿತ ಗ್ರಂಥಗಳ ಪಟ್ಟಿಗಳಲ್ಲಿ ಇದರ ಹೆಸರಿದ್ದಿತು. ಎಳೆಯರು ಇದರಿಂದ ಕೊಲ್ಲುವುದನ್ನು ಕಲಿಯುವರೆಂಬ ಭಯಕ್ಕೆ ಆಧಾರ ಸಾಲದು. ಸುಮ್ಮನೆ ಕುಳಿತು ನೋಡುವುದನ್ನು ಕಲಿತಾರೆಂಬ ಭಯವೇ ಹೆಚ್ಚು ನ್ಯಾಯವಾದುದು. ಆ ವಿದ್ಯೆಯಲ್ಲಿ ಹಿರಿಯರೇನೂ ಹಿಂದುಳಿದವರಲ್ಲ.

ಕೊನೆಯಲ್ಲಿ ಕೇಟೋ ಎಂಬ ಎದುರಾಳಿಯು ಮೃಗಗಳ ನಡುವೆ ಬಿದ್ದು ರಾತ್ರಿಯೆಲ್ಲ ನರಳುವನು. ಅವನ ಸಾವನ್ನು ಅಷ್ಟು ಹೊತ್ತು ಬಯಸಿದ್ದ ವಾಚಕನಿಗೆ ಈಗ ಓದಲಾಗದು. ಕಡೆಗೆ ಕ್ಯಾಟ್ನಿಸಳು ದಯೆಯಿಂದ ಬಾಣ ಬಿಡುವಳು. ವಾಚಕನೂ ಅದನ್ನೇ ಹಾರೈಸುತ್ತಿದ್ದನು. ಅದು ಕೇಟೋವಿನ ಮೇಲಣ ಮರುಕದಿಂದಲೋ, ಆ ಅಧ್ಯಾಯವು ಬೇಗ ಮುಗಿಯಲೆಂದೋ, ಅವನಿಗೇ ತಿಳಿಯದು.