ಸೋರುವ ಡಬ್ಬಿ, ಹೊರುವ ಬೆನ್ನು

ಸೋರುವ ವಸ್ತುಗಳ ಮೇಲೆ ನಮಗೆಲ್ಲ ಒಂದು ಹಳೆಯ ಸಿಟ್ಟಿದೆ. ಅಂಗಿಯ ಕಿಸೆಯಲ್ಲಿ ಮಸಿ ಕಾರಿದ ಪೆನ್ನು, ವಾಷರ್ ಒಣಗಿ ಎಷ್ಟು ಒತ್ತಿದರೂ ಗಾಳಿ ಹಿಡಿಯದ ಸೀಮೆಎಣ್ಣೆ ಸ್ಟವ್. ಹೊರದೇಶಗಳಲ್ಲಿರುವ ಹುಡುಗರಿಗೆ ಈಗ ಇ-ಸಿಗರೇಟಿನ ಪುಟ್ಟ ಟ್ಯಾಂಕು ಜಿನುಗಿ ಬೆರಳಿಗೆ ಅಂಟುವುದೇ ದೊಡ್ಡ ಗೊಣಗಾಟವಂತೆ. (ನಮ್ಮಲ್ಲಿ 2019ರಿಂದ ಆ ವಸ್ತುವಿನ ಮಾರಾಟವೇ ನಿಷಿದ್ಧ, ಗೊಣಗುವ ಸುಖವೂ ಇಲ್ಲ.) ಇವೆಲ್ಲವುಗಳಲ್ಲಿ ಒಂದು ಸಮಾಧಾನವಿದೆ: ವಸ್ತು ಯಾರದೋ ಒದ್ದೆಯಾಗುವ ಕೈಯೂ ಅವರದೇ. ಅವರು ರೇಗುತ್ತಾರೆ, ರಿಪೇರಿ ಮಾಡಿಸುತ್ತಾರೆ, ಆಗದಿದ್ದರೆ ಎಸೆಯುತ್ತಾರೆ. ಇಲ್ಲಿ ನೀತಿಯ ಪ್ರಶ್ನೆಯೇನೂ ಏಳುವುದಿಲ್ಲ. ಅದು ಏಳುವುದು ವಸ್ತು ಒಬ್ಬರದಾಗಿ, ಸೋರಿಕೆ ಇನ್ನೊಬ್ಬರದಾದಾಗ.

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಎಂಬ ಹೆಸರುಗಳು ಕಾಸರಗೋಡಿನ ಓದುಗರಿಗೆ ದೂರದವೆನಿಸಬಹುದು. ಆದರೆ 1956ರ ನವೆಂಬರ್ 1ರಂದು ಯಾವ ಕಾಯಿದೆಯಿಂದ ಕಾಸರಗೋಡು ಕೇರಳಕ್ಕೆ ಸೇರಿತೋ ಅದೇ ಕಾಯಿದೆಯಿಂದ ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಕ್ಕೆ ಹೋಯಿತು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಬೀದರ್ ಜಿಲ್ಲೆಯಿಂದ ಹೋದವು. 2014ರಿಂದ ಅವು ತೆಲಂಗಾಣದವು. ಮನೆಯೊಳಗೊಂದು ಮಾತು, ಕಚೇರಿಯಲ್ಲೊಂದು ಮಾತು ಎಂಬ ಅವರ ಬದುಕನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ತಾಂಡೂರಿಗೆ ಹೆಸರು ತಂದವು ಎರಡು: ನೆಲಕ್ಕೆ ಹಾಸುವ ಕಲ್ಲು ಮತ್ತು ತೊಗರಿ. ಆ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ತೊಗರಿ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳ ಬರುತ್ತದೆ, ಅದರ ಹಿಂದೆಯೇ ಬೆನ್ನಿಗೆ ಕಟ್ಟುವ ಪಂಪು. ಗಡಿಯಾಚೆ ಈಚೆಯ ಕನ್ನಡದಲ್ಲಿ ಇದಕ್ಕೆ 'ಎಣ್ಣಿ ಹೊಡಿಯೋದು' ಎನ್ನುತ್ತಾರೆ. ತೆಲುಗಿನಲ್ಲಿ ಅದು 'ಮಂದು', ನಮ್ಮ ಅಡಕೆ ತೋಟಗಳಲ್ಲಿ 'ಮದ್ದು ಬಿಡುವುದು', ಮಲಯಾಳದಲ್ಲಿ 'ಮರುನ್ನು'. ವಿಷವನ್ನು ವಿಷವೆನ್ನಲು ನಾಲ್ಕು ಊರಿನ ನಾಲಗೆಗೂ ಸಂಕೋಚ!

ಈ ಪಂಪಿನ ರಚನೆ ಸರಳ. ಹದಿನಾರು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಒಂದು ಕೈಯಿಂದ ಆಡಿಸುವ ಸನ್ನೆ, ಇನ್ನೊಂದು ಕೈಯಲ್ಲಿ ಕೊಳವೆ, ಅದರ ತುದಿಗೆ ನಾಜಲ್. ಸೋರುವ ಜಾಗಗಳೂ ಎಲ್ಲರಿಗೂ ಗೊತ್ತು. ಮುಚ್ಚಳದ ರಬ್ಬರ್ ಬಳೆ, ಸನ್ನೆ ಸೇರುವ ಸಂದು, ಪೈಪಿನ ಬುಡ, ಒತ್ತುಗುಂಡಿ. ಮುಚ್ಚಳದ ಬಳೆ ಹರಿದರೆ ಬಗ್ಗಿದಾಗಲೆಲ್ಲ ದ್ರವ ಕುತ್ತಿಗೆಯಿಂದ ಬೆನ್ನಿಗಿಳಿಯುತ್ತದೆ. ಬುಡ ಸಡಿಲವಾದರೆ ಸೊಂಟಕ್ಕೆ, ತೊಡೆಗೆ. ತೊಗರಿ ಹೆಗಲೆತ್ತರ ಬೆಳೆಯುವುದರಿಂದ ಕೊಳವೆಯನ್ನು ಮೇಲೆತ್ತಿ ಹೊಡೆಯಬೇಕು, ಹನಿ ಮುಖಕ್ಕೂ ಬರುತ್ತದೆ. ಕೀಟನಾಶಕ ಉಸಿರಿನಿಂದ ಮಾತ್ರ ಒಳಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಹೊಲದ ಕೆಲಸದಲ್ಲಿ ಅದರ ದೊಡ್ಡ ದಾರಿ ಚರ್ಮವೇ. ಒದ್ದೆಯಾದ ಅಂಗಿ ಮೈಗಂಟಿಕೊಂಡಷ್ಟು ಹೊತ್ತು ಆ ದಾರಿ ತೆರೆದೇ ಇರುತ್ತದೆ.

ಇನ್ನು ರಿಪೇರಿ. ಒಂದು ಕಂಪನಿಯ ಮುಚ್ಚಳ ಇನ್ನೊಂದರ ಡಬ್ಬಿಗೆ ಕೂರುವುದಿಲ್ಲ. ಒತ್ತುಗುಂಡಿ ಬಿಚ್ಚಲು ಬರದಂತೆ ಅಚ್ಚಾಗಿರುತ್ತದೆ. ಎರಡು ರೂಪಾಯಿಯ ಬಳೆಗಾಗಿ ತಾಲೂಕು ಕೇಂದ್ರಕ್ಕೆ ಹೋದರೆ ಅಂಗಡಿಯವರು ಇಡೀ ಪಂಪನ್ನೇ ತೋರಿಸುತ್ತಾರೆ. ಹಾಗಾಗಿ ಸೈಕಲ್ ಟ್ಯೂಬಿನ ಚೂರು, ಹುರಿ, ಎಂಸೀಲ್ ಬರುತ್ತವೆ. ಇದನ್ನು ನಾವು ಹಳ್ಳಿಯ ಜಾಣ್ಮೆ ಎಂದು ಹೊಗಳುತ್ತೇವೆ. ಲೇಖನಗಳನ್ನೂ ಬರೆದಿದ್ದೇವೆ. ನೀರೆತ್ತುವ ಪಂಪಿಗೆ ಆ ಹೊಗಳಿಕೆ ಸಲ್ಲಬಹುದು. ವಿಷದ ಡಬ್ಬಿಗೆ ಸಲ್ಲುವುದಿಲ್ಲ. ಏಕೆಂದರೆ 'ಇಷ್ಟು ಸಾಕು' ಎಂದು ತೀರ್ಮಾನಿಸುವವನು ಹೊಲದ ಬದುವಿನ ಮೇಲೆ ನಿಂತಿರುತ್ತಾನೆ, ಆ 'ಇಷ್ಟು' ಇಳಿಯುವುದು ಕೂಲಿಯವನ ಬೆನ್ನಿಗೆ. ನಾಜಲಿನಿಂದ ಹನಿ ಸರಿಯಾಗಿ ಹೊಮ್ಮುತ್ತಿದ್ದರೆ ಮಾಲೀಕನ ಮಟ್ಟಿಗೆ ಪಂಪು ದುರಸ್ತಿಯಾಗಿದೆ. ಹೊತ್ತವನ ಮಟ್ಟಿಗೆ ಆಗಿಲ್ಲ. ಇಬ್ಬರಲ್ಲಿ ಯಾರ ಮಾತು ಕೊನೆಯದು? ನನ್ನ ಮಟ್ಟಿಗೆ ಉತ್ತರದಲ್ಲಿ ಅನುಮಾನವಿಲ್ಲ: ಹೊತ್ತವನದು. ಆದರೆ ನಾಳೆಯ ಕೂಲಿ ತಪ್ಪೀತೆಂಬ ಭಯವಿರುವವನು ಆ ಮಾತನ್ನು ಆಡುವುದು ಹೇಗೆ?

ಸಣ್ಣ ರೈತ ತನ್ನ ಡಬ್ಬಿಯನ್ನು ತಾನೇ ಹೊರುತ್ತಾನಲ್ಲ, ಅಲ್ಲಿ ಮಾಲೀಕನೂ ಬೆನ್ನೂ ಒಂದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಅವನು ತನ್ನ ಬೆನ್ನನ್ನು ಇನ್ನೂ ಅಗ್ಗವಾಗಿ ಲೆಕ್ಕ ಹಾಕುತ್ತಾನೆ, ಅದಕ್ಕೆ ಕೂಲಿಯನ್ನೂ ಬರೆದಿಡುವುದಿಲ್ಲ. ಅವನ ಮೇಲೆ ಬೆರಳು ತೋರುವುದು ನನಗೆ ಸಾಧ್ಯವಿಲ್ಲ. ಬಿಚ್ಚಲಾಗದಂತೆ ಒತ್ತುಗುಂಡಿ ಮಾಡಿದವರ ಮೇಲೆ ಖಂಡಿತ ತೋರಬಹುದು.

ಕೇಂದ್ರ ಸರ್ಕಾರ 2022ರಲ್ಲಿ 'ದುರಸ್ತಿಯ ಹಕ್ಕು' ಎಂಬ ವಿಚಾರವನ್ನು ಎತ್ತಿಕೊಂಡು ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಕೃಷಿ ಉಪಕರಣ ಅವುಗಳಲ್ಲೊಂದು. ಒಳ್ಳೆಯದೇ. ಆದರೆ ಅಲ್ಲಿಯ ಹಕ್ಕುದಾರ ಗ್ರಾಹಕ, ಎಂದರೆ ಕೊಂಡವನು. ಹೊತ್ತವನ ಹೆಸರಿನಲ್ಲಿ ರಶೀದಿ ಇರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1985ರಲ್ಲಿ ತಂದ ಕೀಟನಾಶಕ ಸಂಹಿತೆಯ ಈಗಿನ ರೂಪ ಇದಕ್ಕಿಂತ ಮುಂದೆ ಹೋಗುತ್ತದೆ. ಸೆಕೆಯ ನಾಡುಗಳಲ್ಲಿ ಸುಲಭಕ್ಕೆ ಸಿಗದ, ತೊಡಲು ಹಿಂಸೆಯಾಗುವ ರಕ್ಷಣಾ ಉಡುಪು ಬೇಡುವಂಥ ವಿಷಗಳನ್ನೇ ದೂರವಿಡಿ ಎನ್ನುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಸಿಂಪಡಿಸಿದ 20ಕ್ಕೂ ಹೆಚ್ಚು ಮಂದಿ ಸತ್ತರು. ವಿಷಗಳ ಬೆರಕೆ, ಆಳೆತ್ತರದ ಗಿಡ, ಸಣ್ಣ ಹನಿ ಉಗುಳುವ ಹೊಸ ಪಂಪು ಎಲ್ಲದರ ಮಾತೂ ಆಗ ಬಂತು. ಸತ್ತವರು ಕೈಕವಚ ಹಾಕಿರಲಿಲ್ಲವೆಂಬ ಮಾತು ಎಲ್ಲಕ್ಕಿಂತ ಬೇಗ ಬಂತು.

ಕಾಸರಗೋಡಿನವರು ಇಲ್ಲಿ ಒಂದು ಆಕ್ಷೇಪ ಎತ್ತದೆ ಇರಲಾರರು. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ಹೆಲಿಕಾಪ್ಟರಿನ ಟ್ಯಾಂಕು ಸೋರುತ್ತಿರಲಿಲ್ಲ. ಅದು ಮಾಡಬೇಕಾದುದನ್ನೇ ಮಾಡುತ್ತಿತ್ತು. ಪಡ್ರೆಯ ತೋಡುಗಳಿಗೆ ವಿಷ ಇಳಿದದ್ದು ಯಂತ್ರ ಕೆಟ್ಟಿದ್ದರಿಂದಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ತಡೆದದ್ದೂ ಯಂತ್ರವನ್ನಲ್ಲ, ವಿಷವನ್ನು. ಈ ಆಕ್ಷೇಪ ನ್ಯಾಯವಾದದ್ದು, ನನ್ನ ವಾದದ ಅರ್ಧವನ್ನು ಅದು ಕಿತ್ತುಕೊಳ್ಳುತ್ತದೆ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಿಂದಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಜೋಳ, ನವಣೆ, ತೊಗರಿಗಳನ್ನು ಒಂದೇ ಹೊಲದಲ್ಲಿ ಬೆರೆಸಿ, ರಾಸಾಯನಿಕವಿಲ್ಲದೆ ಬೆಳೆದು, ಡಬ್ಬಿಯ ಗೋಜಿಗೇ ಹೋಗದೆ ಉತ್ತರ ಕೊಟ್ಟಿವೆ.

ಆದರೂ ಉಳಿದರ್ಧವನ್ನು ನಾನು ಬಿಡಲಾರೆ. ಪಸ್ತಾಪುರದ ದಾರಿ ತಾಂಡೂರಿನ ಎಲ್ಲ ಹೊಲಗಳನ್ನು ಮುಟ್ಟುವ ತನಕ ಪ್ರತಿ ಹಂಗಾಮಿನಲ್ಲೂ ಡಬ್ಬಿಗಳು ಬೆನ್ನೇರುತ್ತಲೇ ಇರುತ್ತವೆ. ಮೊದಲ ತುಂಬಿಗೆ ಬರಿಯ ನೀರು ಹಾಕಿ, ಹೊರುವವನೇ ಅದನ್ನು ಬೆನ್ನಿಗೇರಿಸಿ, ಬಗ್ಗಿ ಎದ್ದು, ಅಂಗಿ ಮುಟ್ಟಿ ನೋಡಿಕೊಳ್ಳಲು ಐದು ನಿಮಿಷ ಸಾಕು. ಒದ್ದೆಯಾಗಿದ್ದರೆ ಆ ದಿನ ಎಣ್ಣೆ ಹೊಡೆಯುವುದಿಲ್ಲ, ಕೂಲಿಯನ್ನು ಮಾತ್ರ ಕೊಡಬೇಕು.