ದಿನವೂ ಸೇದುವ ಬಾವಿ



ನಿಮ್ಮ ಮನೆಯ ಪವಿತ್ರ ಬೈಬಲ್ ಈಗ ಎಲ್ಲಿದೆ? ಬಹುಶಃ ಆಲ್ತಾರಿನ ಮೇಲೆ, ಮೊಂಬತ್ತಿಯ ಪಕ್ಕದಲ್ಲಿ. ಮದುವೆಯ ದಿನ ಯಾರೋ ಉಡುಗೊರೆಯಾಗಿ ಕೊಟ್ಟದ್ದು. ನಾವು ಅದಕ್ಕೆ ಅಗೌರವ ತೋರಿಸುತ್ತಿಲ್ಲ. ಹಬ್ಬಕ್ಕೆ ಮುಂಚೆ ತಪ್ಪದೆ ಅದರ ಧೂಳು ಒರೆಸುತ್ತೇವೆ. ಆದರೆ ಆ ಗ್ರಂಥವು ನಮ್ಮ ಧೂಳನ್ನು ಒರೆಸಬೇಕಾದರೆ ಅದನ್ನು ತೆರೆಯಬೇಕಲ್ಲವೇ?

"ನಮ್ಮ ಅಜ್ಜ ಅಜ್ಜಿ ಬೈಬಲ್ ಓದಿದವರಲ್ಲ. ಆದರೂ ಅವರ ವಿಶ್ವಾಸ ನಮಗಿಂತ ಗಟ್ಟಿ" ಎಂದು ನೀವು ಹೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಸಹಸ್ರಾರು ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಅವನು ಮಡಿಯುವ ತನಕ, ಹದಿನೈದು ವರ್ಷ, ಅವರಿಗೆ ಆಸರೆಯಾದದ್ದು ಬಾಯಿಪಾಠವಾಗಿದ್ದ ಜಪಗಳು. ಆದರೆ ಆ ಜಪಗಳಲ್ಲಿ ಏನಿತ್ತು ಎಂದು ಯೋಚಿಸಿದ್ದೀರಾ? ನಮೋ ಮರಿಯ ಜಪದ ಮೊದಲ ಅರ್ಧ ಸಂತ ಲೂಕನ ಮೊದಲ ಅಧ್ಯಾಯದ್ದು. ಕರ್ತನ ಪ್ರಾರ್ಥನೆ ಸಂತ ಮತ್ತಾಯನ ಆರನೆಯ ಅಧ್ಯಾಯದ್ದು. ಜಪಮಾಲೆಯ ರಹಸ್ಯಗಳಲ್ಲಿ ಹೆಚ್ಚಿನವು ಶುಭಸಂದೇಶದ ಘಟನೆಗಳೇ. ಪುಸ್ತಕವಿಲ್ಲದೆಯೂ ಅವರು ದಿನನಿತ್ಯ ದೇವರ ವಾಕ್ಯವನ್ನೇ ಮೆಲ್ಲುತ್ತಿದ್ದರು. ನಮ್ಮಲ್ಲಿ ಪುಸ್ತಕವಿದೆ, ಸಂಜೆಯ ತೇರ್ಸ್ ಎಷ್ಟು ಮನೆಗಳಲ್ಲಿ ಉಳಿದಿದೆ ಎಂದು ನೀವೇ ಲೆಕ್ಕ ಹಾಕಿ.

ಬೈಬಲ್ ಓದುವುದು ಪ್ರಾಟೆಸ್ಟೆಂಟರ ಕೆಲಸ ಎಂಬ ಭಾವನೆಯೂ ನಮ್ಮಲ್ಲಿ ಬಹುಕಾಲ ಇತ್ತು. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಪ್ರಕಟಣೆಯ ಕುರಿತು ಹೊರಡಿಸಿದ ಶಾಸನವು ಆ ಭಾವನೆಗೆ ತೆರೆ ಎಳೆಯಿತು. ಗುರುಗಳು, ಕನ್ಯಾಸ್ತ್ರೀಯರು ಮಾತ್ರವಲ್ಲ, ಸಕಲ ವಿಶ್ವಾಸಿಗಳೂ ಶ್ರೀಗ್ರಂಥವನ್ನು ಆಗಾಗ ಓದಬೇಕು, ಓದಿನ ಜೊತೆಗೆ ಪ್ರಾರ್ಥನೆ ಇರಬೇಕು ಎಂದು ಅದು ಬೋಧಿಸಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು. ವರ್ಷಕ್ಕೊಂದು ಭಾನುವಾರ ಆಚರಿಸಿ ಉಳಿದ ದಿನಗಳಲ್ಲಿ ಮುಚ್ಚಿಡಲಿ ಎಂಬುದು ಅವರ ಉದ್ದೇಶವಾಗಿರಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಓದುವುದರಿಂದ ಮನಸ್ಸು ಶುದ್ಧವಾಗುವುದು ನಿಜವೇ? ದಿನಾಲೂ ಬೈಬಲ್ ಓದಿಯೂ ನಾಲಗೆಯ ವಿಷ ಕಳೆದುಕೊಳ್ಳದವರನ್ನು ನಾವು ಕಂಡಿಲ್ಲವೇ? ಅರಣ್ಯದಲ್ಲಿ ಪ್ರಭುವನ್ನು ಶೋಧಿಸಿದ ಸೈತಾನನಿಗೂ ಕೀರ್ತನೆ ಬಾಯಿಪಾಠವಾಗಿತ್ತು.

ಸಂತ ಯೊವಾನ್ನನ 13ನೆಯ ಅಧ್ಯಾಯ ಇದಕ್ಕೆ ಬೆಳಕು ನೀಡುತ್ತದೆ. ಕಾಲು ತೊಳೆಯಲು ಬಂದ ಪ್ರಭುವನ್ನು ಪೇತ್ರ ತಡೆಯುತ್ತಾನೆ. ಆಮೇಲೆ ಕೈ, ತಲೆ ಎಲ್ಲವನ್ನೂ ತೊಳೆಯಿರಿ ಎನ್ನುತ್ತಾನೆ. ಸ್ನಾನ ಮಾಡಿದವನಿಗೆ ಕಾಲು ತೊಳೆದರೆ ಸಾಕೆಂದು ಪ್ರಭು ತಿಳಿಸುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಜಗಲಿಯ ಬದಿಯಲ್ಲಿ ನೀರಿನ ತಂಬಿಗೆ ಇರುತ್ತಿತ್ತು. ಗದ್ದೆಯಿಂದ ಬಂದವರು, ಪೇಟೆಯಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು. ಜ್ಞಾನಸ್ನಾನ ಒಂದೇ ಸಲ. ದಾರಿಯ ಕೆಸರು ಮಾತ್ರ ದಿನವೂ ಅಂಟುತ್ತದೆ. ದಿನದ ಓದು ಈ ಕಾಲು ತೊಳೆಯುವ ನೀರಿನಂತೆ. ಘೋರ ಪಾಪಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಅದರ ಬದಲಿಗೆ ಓದು ಎಂದು ಯಾರೂ ತಿಳಿಯಬಾರದು.

ಆದರೆ ಆ ರಾತ್ರಿ ಯೂದನ ಕಾಲನ್ನೂ ಪ್ರಭು ತೊಳೆದರು! ಅದೇ ನೀರು, ಅದೇ ಕೈ. ಅವನು ಶುದ್ಧನಾಗಲಿಲ್ಲ, ಏಕೆಂದರೆ ಕಾಲನ್ನು ಮಾತ್ರ ಚಾಚಿದ, ಒಳಗಿನದನ್ನು ಬಚ್ಚಿಟ್ಟುಕೊಂಡ. ನಾವೂ ಹಾಗೆಯೇ ಓದುತ್ತೇವೆ. ಪ್ರವಾದಿ ನಾತಾನನು ಬಡವನ ಕುರಿಮರಿಯ ಕಥೆ ಹೇಳಿದಾಗ ಅರಸ ದಾವೀದನು ಕಥೆಯ ಶ್ರೀಮಂತನ ಮೇಲೆ ಕೆಂಡವಾದ. ಆ ಮನುಷ್ಯ ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ, ಪ್ರವಾದಿಯೇ ಹೇಳಬೇಕಾಯಿತು. "ಈ ವಾಕ್ಯ ನಮ್ಮ ನೆರೆಮನೆಯವರಿಗೆ ಸರಿಯಾಗಿ ಅನ್ವಯಿಸುತ್ತದೆ" ಎಂದು ನಿಮಗೆ ಅನಿಸಿದ ದಿನ ಅದೇ ಪುಟವನ್ನು ಇನ್ನೊಮ್ಮೆ ಓದಿ.

ಪಡುಬಿದ್ರಿಯ ಕಡೆಯವರಿಗೆ ಬಾವಿಯ ವಿಷಯ ಹೇಳಿಕೊಡಬೇಕಾಗಿಲ್ಲ. ದಿನವೂ ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ. ಮುಂಬಯಿಗೋ ಗಲ್ಫಿಗೋ ಹೋದವರ ಮನೆಯ ಬಾವಿಯನ್ನು ನೋಡಿ: ಒರತೆ ಬತ್ತಿಲ್ಲ, ಆದರೆ ಎಲೆ ಕೊಳೆತು, ಪಾಚಿ ಕಟ್ಟಿ, ಕುಡಿಯಲು ಬಾರದ ನೀರು. ಮಳೆಗಾಲಕ್ಕೆ ಮುಂಚೆ ಆಳು ಇಳಿದು ಕೆಸರು ತೆಗೆಯುವಾಗ ಮೊದಲ ಎರಡು ದಿನ ನೀರು ಇನ್ನಷ್ಟು ಕದಡುತ್ತದೆ. ಓದಲು ಆರಂಭಿಸಿದವರ ಅನುಭವವೂ ಇದೇ. ಶಾಂತಿ ಸಿಗುತ್ತದೆಂದು ತೆರೆದ ಪುಸ್ತಕ ಹಳೆಯ ಹಗೆಯನ್ನು, ಮರೆತೆನೆಂದು ತಿಳಿದಿದ್ದ ಸುಳ್ಳನ್ನು ಮೇಲಕ್ಕೆ ತರುತ್ತದೆ. ಅನೇಕರು ಅಲ್ಲಿಗೇ ಮುಚ್ಚಿಬಿಡುತ್ತಾರೆ. ಅವರಿಗೆ ನನ್ನ ವಿನಂತಿ: ಇನ್ನು ನಾಲ್ಕು ದಿನ ತಾಳಿ.

ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನು ತಂದೆ ಅಬ್ರಹಾಮನ ಕಾಲದ ಬಾವಿಗಳನ್ನು ಮತ್ತೆ ಅಗೆಸುತ್ತಾನೆ. ಫಿಲಿಷ್ಟಿಯರು ಅವಕ್ಕೆ ಮಣ್ಣು ತುಂಬಿದ್ದರು. ಮೂರನೆಯ ಶತಮಾನದ ಒರಿಜೆನ್ ಎಂಬ ಪಂಡಿತರು ಈ ಬಾವಿಗಳೇ ಶ್ರೀಗ್ರಂಥವೆಂದು ಬೋಧಿಸಿದ್ದರು. ಚೆನ್ನಾದ ಅರ್ಥವೇ. ಆದರೆ ನಮ್ಮ ಊರಿಗೆ ಅದರ ಮುಂದಿನ ಭಾಗ ಹೆಚ್ಚು ನಾಟಬೇಕು. ಇಸಾಕನ ಆಳುಗಳು ಹೊಸ ಬಾವಿ ತೋಡಿದರು. ಅಲ್ಲಿನ ಕುರುಬರು ನೀರು ತಮ್ಮದೆಂದು ಜಗಳಕ್ಕೆ ಬಂದರು. ಇನ್ನೊಂದು ತೋಡಿದರು, ಅದಕ್ಕೂ ಜಗಳ. ಇಸಾಕ ಎರಡನ್ನೂ ಬಿಟ್ಟು ಮುಂದೆ ಹೋದ. ಮೂರನೆಯ ಬಾವಿಗೆ ಯಾರೂ ತಕರಾರು ಮಾಡಲಿಲ್ಲ. ಕೊನೆಗೆ, ಅವನನ್ನು ಹೊರಗಟ್ಟಿದ್ದ ಅರಸನೇ ಬಂದು ಒಟ್ಟಿಗೆ ಕುಳಿತು ಉಂಡ.

ಹೆದ್ದಾರಿ ಅಗಲವಾದ ಮೇಲೆ ನಮ್ಮಲ್ಲಿ ಒಂದೊಂದು ಸೆಂಟ್ಸ್ ಜಾಗಕ್ಕೂ ಬೆಲೆ ಬಂದಿದೆ. ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಯಲ್ಲಿ, ಬೇರೆ ಬೇರೆ ಬಾಗಿಲುಗಳಿಂದ ಹೊರಹೋಗುವುದು ಯಾವ ಧರ್ಮಕೇಂದ್ರದಲ್ಲಿ ಇಲ್ಲ? ನ್ಯಾಯವಾದ ಪಾಲನ್ನು ಕೇಳುವುದು ಪಾಪವೆಂದು ನಾನು ಹೇಳಲಾರೆ. ತಂಗಿಗೆ ಸಲ್ಲಬೇಕಾದದ್ದನ್ನು ನುಂಗಿ, ಅವಳಿಗೆ ಇಸಾಕನ ಕಥೆ ಹೇಳುವುದು ಪರಮ ಅನ್ಯಾಯ. ಈ ಅಧ್ಯಾಯವನ್ನು ಹೆಚ್ಚು ಜಾಗ ಹಿಡಿದುಕೊಂಡವನು ಮೊದಲು ಓದಲಿ. ಒಂದೇ ದಿನ ಓದಿದರೆ ಅವನಿಗೆ ಅದು ಕಥೆ. ಮರುದಿನವೂ ಓದಿದರೆ ಬೇಲಿಯ ಕಲ್ಲು ನೆನಪಾದೀತು.

ಸಮಯವಿಲ್ಲ ಎನ್ನುವವರಿಗೆ ಒಂದು ಲೆಕ್ಕ. ನಾಲ್ಕು ಶುಭಸಂದೇಶಗಳ ಒಟ್ಟು ಅಧ್ಯಾಯಗಳು 89. ಜೂನ್ 1ರಂದು, ಮಳೆ ಹಿಡಿಯುವ ಹೊತ್ತಿಗೆ ಶುರುಮಾಡಿ ಸಂಜೆಗೊಂದು ಅಧ್ಯಾಯ ಓದಿದರೆ ಆಗಸ್ಟ್ 28ಕ್ಕೆ ಮುಗಿಯುತ್ತದೆ. ಮೊಂತಿ ಹಬ್ಬದ ನೊವೇನ ಆರಂಭವಾಗುವುದು 30ರಂದು. ಟಿವಿಯನ್ನು ಕಾಲು ಗಂಟೆ ಆರಿಸಿ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಕಣ್ಣು ಮಂಜಾದ ಅಜ್ಜಿ ಕೇಳಲಿ, ಮಗು ಓದಲಿ. ಇಂಗ್ಲಿಷ್ ಶಾಲೆಯ ಮಗು ಒತ್ತಕ್ಷರಗಳಲ್ಲಿ ಎಡವಿದರೆ ಗದರಬೇಡಿ. ಅದು ನಿಂತು ನಿಂತು ಓದುವಾಗಲೇ ಉಳಿದವರಿಗೆ ಪ್ರತಿಯೊಂದು ಮಾತೂ ಕೇಳಿಸುವುದು. ಓದು ಮುಗಿದ ಮೇಲೆ ಎರಡು ನಿಮಿಷ ಯಾರೂ ಮಾತಾಡದೆ ಕುಳಿತಿರಿ. ಆಮೇಲೆ ಊಟಕ್ಕೆ ಏಳಿ.